ಕೀಲಿಮಣೆ ಕಟ್ಟೆ: ಹೆಸರು ಅದೇ, ಆಳು ಬೇರೆ

ಈ ಸಂಚಿಕೆಯ ಬೇರೆ ಪುಟಗಳಲ್ಲಿ ಹೋಳಿಗೆ, ಚಕ್ಕುಲಿ, ಕಜ್ಜಾಯ ಎಲ್ಲ ಸಿಗುತ್ತವೆ. ನಮ್ಮ ಕಟ್ಟೆಯಲ್ಲಿ ಮಾತ್ರ ಈ ಸಲ ಕೇಕು. ಹೆದರಬೇಡಿ ಸ್ವಾಮಿ, ಮೊಟ್ಟೆ ಹಾಕಿಲ್ಲ! ಇದು ತಿನ್ನುವ ಕೇಕಲ್ಲ, ವೆಬ್‌ಸೈಟ್ ಕಟ್ಟುವ ಕೇಕು. ಪೂರ್ತಿ ಹೆಸರು ಕೇಕ್‌ಪಿಎಚ್‌ಪಿ.

"ಕಂಪ್ಯೂಟರ್ ಎಲ್ಲ ನಮ್ಮ ಮಗಳ ಡಿಪಾರ್ಟ್‌ಮೆಂಟು, ನಮಗೇಕೆ?" ಎಂದು ಪುಟ ತಿರುಗಿಸಬೇಡಿ. ನಿಮ್ಮ ಕೂಟದ ಸೈಟಿನಲ್ಲಿ ನೀವು ಹಾಕಿದ ಪಾಸ್‌ವರ್ಡ್ ಯಾವ ಸ್ಥಿತಿಯಲ್ಲಿದೆ ಎಂಬ ಮಾತು ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಸ್ವಲ್ಪ ಸಹಿಸಿಕೊಳ್ಳಿ.

ಕೇಕ್‌ಪಿಎಚ್‌ಪಿ ಹುಟ್ಟಿದ್ದು 2005ರಲ್ಲಿ. ಪೋಲೆಂಡಿನ ಮಿಹಾಲ್ ತಾತಾರಿನೋವಿಚ್ ಎಂಬ ಪ್ರೋಗ್ರಾಮರ್ ಸಣ್ಣದಾಗಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಆಗ ತಾನೇ ಹೆಸರು ಮಾಡುತ್ತಿದ್ದ ರೂಬಿ ಆನ್ ರೈಲ್ಸ್ ಇದಕ್ಕೆ ಪ್ರೇರಣೆ. 2006ರಲ್ಲಿ 1.0 ಬಂತು, 2011ರಲ್ಲಿ 2.0, 2015ರಲ್ಲಿ 3.0. ತಿಂಗಳಿಗೆ ನಾಲ್ಕೈದು ಡಾಲರಿನ ಅಗ್ಗದ ಹೋಸ್ಟಿಂಗಿನಲ್ಲೂ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಸಿಗುತ್ತಿದ್ದುದರಿಂದ ನಮ್ಮಂಥ ಕೂಟಗಳಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಶನಿವಾರ ಬಿಡುವಿದ್ದ ಒಬ್ಬ ಸ್ವಯಂಸೇವಕ ಸೈಟು ಕಟ್ಟುತ್ತಾನೆ, ಎರಡು ವರ್ಷ ಬಿಟ್ಟು ಬೇರೆ ಊರಿಗೆ ಕೆಲಸ ಬದಲಾಯಿಸಿ ಹೊರಟುಹೋಗುತ್ತಾನೆ, ಸೈಟು ಮುಂದಿನವನ ತಲೆಗೆ. 2ನೇ ಸಾಲಿಗೆ ಅದರ ತಂಡದವರ ಬೆಂಬಲ 2021ರಲ್ಲೇ ನಿಂತಿದ್ದರೂ ಅದರ ಮೇಲೆ ಕಟ್ಟಿದ ಹಳೆಯ ಸೈಟುಗಳು ಅಲ್ಲಲ್ಲಿ ಇನ್ನೂ ಉಸಿರಾಡುತ್ತಿವೆ.

ಈಗ ವಿಷಯಕ್ಕೆ ಬರೋಣ. ಇಂಥ ಸೈಟಿನಲ್ಲಿ ಒಂದೊಂದು ಟೇಬಲ್ಲಿಗೂ ಒಂದೊಂದು ಮಾಡೆಲ್ ಇರುತ್ತದೆ. ಫ್ಯಾಮಿಲಿ ಎಂಬ ಮಾಡೆಲ್, ಮೆಂಬರ್ ಎಂಬ ಮಾಡೆಲ್. ಒಂದು ಫ್ಯಾಮಿಲಿಗೆ ಹಲವು ಮೆಂಬರುಗಳು ಎಂದು ಒಂದು ಸಾಲು ಬರೆದರೆ ಸಂಬಂಧ ಕುದುರಿತು. ಜಾತಕ ತೋರಿಸುವ ಕೆಲಸವಿಲ್ಲ. ಅಲ್ಲಿಂದ ಮುಂದೆ ಫ್ಯಾಮಿಲಿಯನ್ನು ಕೇಳಿದರೆ ಅದರ ಮೆಂಬರುಗಳೂ ಜೊತೆಗೇ ಬರುತ್ತಾರೆ. ಹುಡುಕುವುದು, ಉಳಿಸುವುದು, ಅಳಿಸುವುದು, ಇವೆಲ್ಲ ಕೇಕಿನಲ್ಲಿ ಮೊದಲೇ ಸಿದ್ಧವಾಗಿರುವ ಕೆಲಸಗಳು. ಅದಲ್ಲದೆ ನಮ್ಮದೇ ಆದ ಕೆಲಸವೊಂದನ್ನು ಮಾಡೆಲ್ಲಿನೊಳಗೆ ಬರೆದಿಡಬಹುದು. ಉದಾಹರಣೆಗೆ, ಹಬ್ಬದ ಊಟಕ್ಕೆ ಸಸ್ಯಾಹಾರಿಗಳೆಷ್ಟು, ಐದು ವರ್ಷದೊಳಗಿನ ಮಕ್ಕಳೆಷ್ಟು ಎಂದು ಎಣಿಸುವ ಮೆಥಡ್. ಅದಕ್ಕೆ ಕೌಂಟ್‌ವೆಜ್ ಎಂದು ಹೆಸರಿಟ್ಟು ಮೆಂಬರ್ ಮಾಡೆಲ್ಲಿನಲ್ಲಿ ಬರೆದೆವು ಅನ್ನಿ. ಪಿಎಚ್‌ಪಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಲು ಬಾಣದ ಗುರುತು ಹಾಕುತ್ತೇವೆ. ಫ್ಯಾಮಿಲಿ ಬಾಣ ಮೆಂಬರ್ ಬಾಣ ಕೌಂಟ್‌ವೆಜ್. ಬಾಣ ಬಿಟ್ಟದ್ದಾಯಿತು, ಉತ್ತರ ಬರಬೇಕು.

ಉತ್ತರದ ಬದಲು ಮೈಎಸ್‌ಕ್ಯೂಎಲ್ ಕಡೆಯಿಂದ ಬಯ್ಗುಳ ಬರುತ್ತದೆ. ತಪ್ಪಿನ ಸಂಖ್ಯೆ 1064. ನಿಮ್ಮ ಎಸ್‌ಕ್ಯೂಎಲ್ ವಾಕ್ಯರಚನೆಯಲ್ಲಿ, 'ಕೌಂಟ್‌ವೆಜ್' ಎಂಬಲ್ಲಿ, ಮೊದಲನೇ ಸಾಲಿನಲ್ಲಿ ದೋಷವಿದೆ ಎಂದು.

ಇದು ನೋಡಿದವರನ್ನು ದಾರಿ ತಪ್ಪಿಸುವ ಮಾತು. ಕೌಂಟ್‌ವೆಜ್ ಪಿಎಚ್‌ಪಿಯ ಮೆಥಡ್. ಅದರ ಹೆಸರು ಡೇಟಾಬೇಸಿಗೆ ಗೊತ್ತಾಗುವ ಸಂದರ್ಭವೇ ಇಲ್ಲ. ಮನೆಯೊಳಗೆ ಹೆಂಡತಿಯನ್ನು ಕರೆದರೆ ಬೀದಿ ಕೊನೆಯ ಅಂಗಡಿಯವನು "ಆ ಸಾಮಾನು ನಮ್ಮಲ್ಲಿಲ್ಲ" ಎಂದ ಹಾಗಾಯಿತು!

ಪಕ್ಕದ ರಾಜ್ಯದ ಒಂದು ಕೂಟದ ಹುಡುಗ (ಕೂಟದ ಹೆಸರು ಬೇಡ) ಈ ಬಯ್ಗುಳ ತಿಂದು ಎರಡು ರಾತ್ರಿ ಮೈಎಸ್‌ಕ್ಯೂಎಲ್ ಕೈಪಿಡಿ ಓದುತ್ತ ಕೂತಿದ್ದ. ಮೂರನೇ ದಿನ ನನಗೆ ಫೋನು. "ಅಂಕಲ್, ನಮ್ಮ ಡೇಟಾಬೇಸ್ ಕೆಟ್ಟುಹೋಗಿದೆ ಅನ್ಸತ್ತೆ. ಶನಿವಾರ ಬಾಳೆಎಲೆ ಊಟ. ಅಡಿಗೆಯವರಿಗೆ ಲೆಕ್ಕ ಕೊಡಬೇಕು."

"ಡೇಟಾಬೇಸಿಗೆ ಏನೂ ಆಗಿಲ್ಲಪ್ಪಾ. ಬಾಣ ಬಿಡುವ ಸಾಲಿನ ಮೇಲೆ ಒಂದು ಸಾಲು ಸೇರಿಸು. ಗೆಟ್‌ಕ್ಲಾಸ್ ಅಂತ ಪಿಎಚ್‌ಪಿಯಲ್ಲೇ ಇದೆಯಲ್ಲ, ಫ್ಯಾಮಿಲಿಯ ಹತ್ತಿರ ಇರುವ ಮೆಂಬರನ್ನು ಅದಕ್ಕೆ ಕೊಟ್ಟು ಏನು ಬರುತ್ತೋ ಓದು" ಎಂದೆ.

ಸ್ವಲ್ಪ ಹೊತ್ತು ಕೀಲಿಮಣೆಯ ಟಕಟಕ. ಆಮೇಲೆ, "ಅಂಕಲ್, ಮೆಂಬರ್ ಅಂತ ಬರಬೇಕಿತ್ತು. ಆ್ಯಪ್‌ಮಾಡೆಲ್ ಅಂತ ಬಂತು!"

ಅಲ್ಲಿಗೆ ಕಳ್ಳ ಸಿಕ್ಕಿದ.

ಇದು ಹೇಗೆ ಆಗುತ್ತದೆ ಎಂದು ಕೇಳಿ. ಸಂಬಂಧದ ಸಾಲಿನಲ್ಲಿ ಮೆಂಬರ್ ಎಂದು ಕಂಡಾಗ ಕೇಕ್‌ಪಿಎಚ್‌ಪಿ ಆ ಹೆಸರಿನ ಕ್ಲಾಸಿಗಾಗಿ ತನಗೆ ಗೊತ್ತಿರುವ ಫೋಲ್ಡರಿನಲ್ಲಿ ಹುಡುಕುತ್ತದೆ. ಸಿಗದಿದ್ದರೆ ಜಗಳ ಮಾಡುವುದಿಲ್ಲ. ಎಲ್ಲ ಮಾಡೆಲ್‌ಗಳ ತಾಯಿಯಾದ ಆ್ಯಪ್‌ಮಾಡೆಲ್ಲಿನಿಂದ ಒಂದು ಪ್ರತಿ ಮಾಡಿ, ಅದಕ್ಕೆ ಮೆಂಬರ್ ಎಂದು ಹೆಸರಿಟ್ಟು, ಮೆಂಬರ್ಸ್ ಟೇಬಲ್ಲಿಗೆ ಜೋಡಿಸಿ ನಿಲ್ಲಿಸಿಬಿಡುತ್ತದೆ. ಸಣ್ಣ ಟೇಬಲ್‌ಗಳಿಗೆಲ್ಲ ಮಾಡೆಲ್ ಬರೆಯುವ ಶ್ರಮ ಉಳಿಯಲಿ ಎಂಬ ಒಳ್ಳೆಯ ಉದ್ದೇಶ. ನಮ್ಮ ಕೂಟದ ನಾಟಕಗಳಲ್ಲಿ ಕೊನೇ ಗಳಿಗೆಗೆ ಪಾತ್ರಧಾರಿ ಬಾರದಿದ್ದಾಗ ಪಂಚೆ ಉಟ್ಟವನೊಬ್ಬನನ್ನು ಹಿಡಿದು ಕಿರೀಟ ಇಟ್ಟು ರಂಗಕ್ಕೆ ತಳ್ಳುವುದಿಲ್ಲವೇ? ಹಾಗೆ. ಬರುತ್ತಾನೆ, ಕೂರುತ್ತಾನೆ, ಕೈ ಎತ್ತಿ ಆಶೀರ್ವಾದ ಮಾಡುತ್ತಾನೆ. ಮಾತು ಬಂದಾಗ ಗೊತ್ತಾಗುತ್ತದೆ.

ಕೌಂಟ್‌ವೆಜ್ ಎಂಬುದು ಆ ಮಾತು. ಬದಲಿ ಪಾತ್ರಕ್ಕೆ ಅದು ಬಾಯಿಪಾಠವಿಲ್ಲ. ಹಳೆಯ ಕೇಕಿನಲ್ಲಿ, ಅಂದರೆ 1 ಮತ್ತು 2ನೇ ಸಾಲಿನಲ್ಲಿ, ಗೊತ್ತಿಲ್ಲದ ಮೆಥಡ್ ಬಂದರೆ ಮೊದಲು ಆ ಮಾಡೆಲ್ಲಿಗೆ ಅಂಟಿಸಿದ ಬಿಹೇವಿಯರ್‌ಗಳನ್ನು ವಿಚಾರಿಸುತ್ತಾರೆ. ಅಲ್ಲೂ ಇಲ್ಲವಾದರೆ, ಬಹುಶಃ ಇದು ಡೇಟಾಬೇಸಿಗೆ ಸೇರಿದ್ದಿರಬೇಕು ಎಂದು ಆ ಹೆಸರನ್ನೇ ಎಸ್‌ಕ್ಯೂಎಲ್ ವಾಕ್ಯ ಎಂಬಂತೆ ಮುಂದಕ್ಕೆ ದಾಟಿಸುತ್ತಾರೆ. ಡೇಟಾಬೇಸಿಗೆ ಸೆಲೆಕ್ಟ್ ಗೊತ್ತು, ಅಪ್‌ಡೇಟ್ ಗೊತ್ತು. ಕೌಂಟ್‌ವೆಜ್ ಎಂದರೆ? 1064!

ಹಾಗಾಗಿ 1064ರ ಪಕ್ಕದಲ್ಲಿ ನೀವು ಬರೆದ ಮೆಥಡ್ಡಿನ ಹೆಸರೇ ಕಂಡರೆ ಎಸ್‌ಕ್ಯೂಎಲ್ ಪುಸ್ತಕ ತೆಗೆಯಬೇಡಿ. ಗೆಟ್‌ಕ್ಲಾಸ್ ಕೇಳಿ. ಆ್ಯಪ್‌ಮಾಡೆಲ್ ಎಂದರೆ ನಿಮ್ಮ ಫೈಲನ್ನು ಯಾರೂ ತೆರೆದೇ ಇಲ್ಲ. ನಿಮ್ಮ ಮಾಡೆಲ್ಲಿನ ಹೆಸರೇ ಬಂದರೆ ಕಾಗುಣಿತ ನೋಡಿ, ಅಥವಾ ಆ ಮೆಥಡ್ ಇರಬೇಕಾದ ಬಿಹೇವಿಯರ್ ಅಂಟಿಸಿದ್ದೀರಾ ನೋಡಿ. ಸೈಟು ಜನರ ಬಳಕೆಯಲ್ಲಿದ್ದು ಡೀಬಗ್ ಸೊನ್ನೆಯಲ್ಲಿದ್ದರೆ ಪರದೆಯ ಮೇಲೆ ವಿವರ ಕಾಣುವುದಿಲ್ಲ, ಟೆಂಪ್ ಫೋಲ್ಡರಿನೊಳಗಿನ ಲಾಗ್ಸ್‌ನಲ್ಲಿ ಎರರ್ ಫೈಲು ತೆರೆಯಬೇಕು.

ಆ ಹುಡುಗನ ಸೈಟಿನಲ್ಲಿ ಆಗಿದ್ದು ಇಷ್ಟು. ಹಿಂದಿನ ಸ್ವಯಂಸೇವಕರು ಸದಸ್ಯತ್ವದ ಕೋಡನ್ನೆಲ್ಲ ಮೆಂಬರ್‌ಶಿಪ್ ಎಂಬ ಪ್ಲಗಿನ್ನಿಗೆ ಸಾಗಿಸಿದ್ದರು. ಒಳ್ಳೆಯ ಕೆಲಸವೇ. ಆದರೆ ಫ್ಯಾಮಿಲಿಯ ಸಂಬಂಧದ ಸಾಲಿನಲ್ಲಿ ಹಳೆಯ ವಿಳಾಸ ಹಾಗೇ ಉಳಿಯಿತು. ಮೆಂಬರ್ ಎಂದಷ್ಟೇ ಇದ್ದುದನ್ನು ಮೆಂಬರ್‌ಶಿಪ್ ಚುಕ್ಕೆ ಮೆಂಬರ್ ಎಂದು ಬರೆಯಬೇಕಿತ್ತು. ಮೆಂಬರ್ ಪುಟದಿಂದ ನೇರವಾಗಿ ಕರೆದಾಗ ಅಸಲಿ ಮಾಡೆಲ್ ಬರುತ್ತಿತ್ತು, ಫ್ಯಾಮಿಲಿಯ ಮೂಲಕ ಕರೆದಾಗ ಬದಲಿ. ಇದಕ್ಕೆ ಇನ್ನೊಂದು ತಿರುವೂ ಉಂಟು. ಒಮ್ಮೆ ಒಂದು ಹೆಸರಿನಲ್ಲಿ ಒಬ್ಬರು ಬಂದು ಕುಳಿತರೆ ಆ ಪುಟ ಮುಗಿಯುವವರೆಗೆ ಕೇಕ್ ಅವರನ್ನೇ ಮತ್ತೆ ಮತ್ತೆ ಕೊಡುತ್ತದೆ. ಆದ್ದರಿಂದ ಅಸಲಿ ಮೊದಲು ಬಂದ ಪುಟದಲ್ಲಿ ಫ್ಯಾಮಿಲಿಯ ಬಾಣವೂ ಗುರಿ ಮುಟ್ಟುತ್ತದೆ, ಬದಲಿ ಮೊದಲು ಬಂದ ಪುಟದಲ್ಲಿ ಇಲ್ಲ. "ನಿನ್ನೆ ನಡೀತಿತ್ತು, ಇವತ್ತು ಇಲ್ಲ" ಎಂದು ತಲೆ ಚಚ್ಚಿಕೊಳ್ಳುವವರು ಇದನ್ನು ನೆನಪಿಡಿ.

ಒಂದು ಸಾಲು ತಿದ್ದಿದ, ಲೆಕ್ಕ ಬಂತು. ಥ್ಯಾಂಕ್ಸ್ ಅಂಕಲ್ ಎಂದು ಫೋನಿಡಲು ಹೊರಟವನನ್ನು ತಡೆದೆ. "ಈ ಬದಲಿ ಎಷ್ಟು ದಿನದಿಂದ ಕೆಲಸ ಮಾಡುತ್ತಿದ್ದಾನೆ ನೋಡಿದೆಯಾ?"

ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಮುಖ್ಯವಾದದ್ದು ಈ ಪ್ರಶ್ನೆ. ಕೌಂಟ್‌ವೆಜ್ ಕೂಗಿಕೊಂಡದ್ದು ಅದೃಷ್ಟ. ಬದಲಿ ಪಾತ್ರದ ಉಳಿದ ಕೆಲಸಗಳು ಸದ್ದು ಮಾಡುವುದಿಲ್ಲ. ಹುಡುಕು ಎಂದರೆ ಹುಡುಕುತ್ತಾನೆ, ಉಳಿಸು ಎಂದರೆ ಉಳಿಸುತ್ತಾನೆ. ಆದರೆ ಅಸಲಿ ಮಾಡೆಲ್ಲಿನಲ್ಲಿ ಬರೆದಿಟ್ಟ ತಪಾಸಣೆಯ ನಿಯಮಗಳು ಅವನಿಗೆ ಗೊತ್ತಿಲ್ಲ. ಒಂದೇ ಇಮೇಲ್ ಎರಡು ಸಲ ಬರಬಾರದು ಎಂದು ನಿಯಮವಿದ್ದರೂ ಎರಡು ಸಲ ಸೇರಿಸುತ್ತಾನೆ. ಉಳಿಸುವ ಮೊದಲು ಮಾಡಬೇಕಾದ ಕೆಲಸಗಳನ್ನು ಬಿಫೋರ್‌ಸೇವ್ ಎಂಬ ಮೆಥಡ್ಡಿನಲ್ಲಿ ಬರೆದಿರುತ್ತೇವೆ. ಅದೂ ನಡೆಯುವುದಿಲ್ಲ. ಯಾವ ದೂರೂ ಇಲ್ಲ, ಲಾಗಿನಲ್ಲಿ ಒಂದಕ್ಷರವೂ ಇಲ್ಲ.

2ನೇ ಸಾಲಿನ ಕೇಕಿನಲ್ಲಿ ಪಾಸ್‌ವರ್ಡನ್ನು ಗುರುತು ಸಿಗದಂತೆ ಅರೆದು ಇಡುವ ಕೆಲಸ ಆಗುವುದು ಸಾಮಾನ್ಯವಾಗಿ ಇದೇ ಬಿಫೋರ್‌ಸೇವ್‌ನಲ್ಲಿ. 1ನೇ ಸಾಲಿನಲ್ಲಿ ಆಥ್ ಎಂಬ ಭಾಗ ತಾನಾಗಿಯೇ ಮಾಡುತ್ತಿತ್ತು, 2ರಲ್ಲಿ ಅದನ್ನು ನಮ್ಮ ಪಾಲಿಗೆ ಬಿಟ್ಟರು. ಆ ಕೂಟದ ಹೊಸ ಕುಟುಂಬಗಳ ನೋಂದಣಿ ನಡೆಯುತ್ತಿದ್ದುದು ಫ್ಯಾಮಿಲಿಯ ಮೂಲಕ. ಅಂದರೆ ಬದಲಿ ಪಾತ್ರದ ಕೈಯಲ್ಲಿ.

"ಪಾಸ್‌ವರ್ಡ್ ಕಾಲಮ್ಮಿನಲ್ಲಿ ಅಕ್ಷರಗಳ ಉದ್ದ ಎಣಿಸು. ನಲವತ್ತು ಇಲ್ಲದ ಸಾಲುಗಳಿವೆಯಾ?" ಎಂದೆ. ಅವರು ಬಳಸುತ್ತಿದ್ದ ಹಳೆಯ ಪದ್ಧತಿ ಶಾ-1, ಅದರ ಫಲ ಯಾವಾಗಲೂ 40 ಅಕ್ಷರ. ಬಿಕ್ರಿಪ್ಟ್ ಆಗಿದ್ದರೆ 60. ಎಂಟು, ಹತ್ತು, ಹನ್ನೆರಡು ಅಕ್ಷರ ಇದ್ದರೆ ಅದು ಸದಸ್ಯರು ಕೈಯಾರೆ ಹಾಕಿದ ಪಾಸ್‌ವರ್ಡೇ, ಬರಿಗಣ್ಣಿಗೆ ಕಾಣುವ ಹಾಗೆ.

ಅಂಥ ಸಾಲುಗಳು ಒಂದೆರಡಲ್ಲ, ಸಾಕಷ್ಟು ಇದ್ದವು. ಮಕ್ಕಳ ಹೆಸರಿನ ಜೊತೆ ಹುಟ್ಟಿದ ವರ್ಷ, ಊರಿನ ಹೆಸರಿನ ಜೊತೆ 123... ನನಗೆ ಓದಿ ಹೇಳಬೇಡ ಎಂದೆ.

ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗುವಂತೆಯೇ ಇತ್ತು! ಹೊಸದಾಗಿ ಸೇರಿದವರಿಗೆ ಲಾಗಿನ್ ಆಗುತ್ತಿರಲಿಲ್ಲ. ಸೈಟು ಅವರು ಕೊಟ್ಟದ್ದನ್ನು ಅರೆದು, ಟೇಬಲ್ಲಿನಲ್ಲಿ ಅರೆಯದೆ ಇಟ್ಟಿದ್ದರ ಜೊತೆ ಹೋಲಿಸುತ್ತಿತ್ತು. ಹೇಗೆ ಹೊಂದೀತು? ಅವರು ಸಮಿತಿಗೆ ಫೋನ್ ಮಾಡುತ್ತಿದ್ದರು. ಸಮಿತಿಯವರು "ಪಾಸ್‌ವರ್ಡ್ ಮರೆತಿರಬೇಕು ನೀವು, ಮರೆತಿದ್ದೀರಾ ಅನ್ನೋ ಲಿಂಕ್ ಒತ್ತಿ" ಎನ್ನುತ್ತಿದ್ದರು. ಆ ಲಿಂಕಿನ ಪುಟ ಮೆಂಬರನ್ನು ನೇರವಾಗಿ ಕರೆಯುತ್ತಿತ್ತು, ಅಲ್ಲಿ ಅಸಲಿ ಮಾಡೆಲ್ ಬಂದು ಸರಿಯಾಗಿ ಅರೆದು ಇಡುತ್ತಿತ್ತು. ಸಮಸ್ಯೆ ಪರಿಹಾರ! ಪಾಪ, ಸದಸ್ಯರೇ ತಮ್ಮ ಮರೆವನ್ನು ಬೈದುಕೊಂಡರು. ಫೋನ್ ಮಾಡುವಷ್ಟು ತಾಳ್ಮೆ ಇಲ್ಲದವರ ಪಾಸ್‌ವರ್ಡ್ ಹಾಗೇ ಉಳಿಯಿತು.

ಇಲ್ಲಿ ತಾಂತ್ರಿಕ ಕೆಲಸ ಸಣ್ಣದು. ಆ ಸಾಲುಗಳ ಪಾಸ್‌ವರ್ಡ್ ಅಳಿಸಿ ಹೊಸದು ಕೇಳುವುದು, ಎರಡೆರಡು ಸಲ ಸೇರಿದ ಕುಟುಂಬಗಳನ್ನು ಒಂದು ಮಾಡುವುದು. ಹಳೆಯ ಬ್ಯಾಕಪ್ ಪ್ರತಿಗಳು ಯಾರ ಯಾರ ಲ್ಯಾಪ್‌ಟಾಪಿನಲ್ಲಿ ಕುಳಿತಿವೆ ಎಂದು ವಿಚಾರಿಸಿ ಅವನ್ನೂ ಅಳಿಸುವುದು, ಇದು ಸ್ವಲ್ಪ ಓಡಾಟದ ಕೆಲಸ. ದೊಡ್ಡ ಕೆಲಸ ಸದಸ್ಯರಿಗೆ ತಿಳಿಸುವುದು. ಸಮಿತಿಯಲ್ಲಿ ಒಬ್ಬರು "ಹಬ್ಬ ಮುಗೀಲಿ, ಆಮೇಲೆ ನೋಡೋಣ" ಎಂದರಂತೆ. ಇನ್ನೊಬ್ಬರು "ಯಾರೂ ನೋಡಿಲ್ಲವಲ್ಲ, ಸುಮ್ಮನೆ ಗಾಬರಿ ಯಾಕೆ" ಎಂದರಂತೆ. ನಾನು ಒಪ್ಪಲಿಲ್ಲ. ನಮ್ಮ ಜನ ಕೂಟಕ್ಕೊಂದು, ಬ್ಯಾಂಕಿಗೊಂದು ಎಂದು ಬೇರೆ ಬೇರೆ ಪಾಸ್‌ವರ್ಡ್ ಇಡುವವರಲ್ಲ. ನಮ್ಮ ಟೇಬಲ್ಲಿನಲ್ಲಿ ಕಂಡದ್ದು ಅವರ ಇಮೇಲಿನ ಬೀಗದ ಕೈಯೂ ಇರಬಹುದು. ಅದನ್ನು ಬದಲಾಯಿಸಬೇಕಾದವರು ಅವರೇ, ಬದಲಾಯಿಸಬೇಕೆಂದು ಅವರಿಗೆ ಗೊತ್ತಾಗುವುದು ನಾವು ಹೇಳಿದರೆ ಮಾತ್ರ. ಕೊನೆಗೆ ಊಟಕ್ಕೆ ಎರಡು ದಿನ ಮುಂಚೆ ನಾಲ್ಕು ಸಾಲಿನ ಇಮೇಲ್ ಹೋಯಿತು. ಆಗಿದ್ದೇನು, ಎಲ್ಲೆಲ್ಲಿ ಬದಲಾಯಿಸಬೇಕು, ಕ್ಷಮಿಸಿ. ಬೈದವರೂ ಇದ್ದರು. ಬೈಯಲಿ.

ಇನ್ನು ಬೇರೆ ಸೈಟುಗಳಲ್ಲಿ ಬದಲಿ ಹುಟ್ಟಿಕೊಳ್ಳುವ ದಾರಿಗಳು. ತೀರಾ ಮಾಮೂಲಿಯಾದದ್ದು ಫೈಲಿನ ಹೆಸರು. 1ನೇ ಸಾಲಿನಲ್ಲಿ ಮಾಡೆಲ್ ಫೈಲುಗಳ ಹೆಸರು ಪೂರ್ತಿ ಸಣ್ಣಕ್ಷರ, ಪದಗಳ ನಡುವೆ ಅಡಿಗೆರೆ. 2.0 ಬಂದಾಗ ಫೈಲಿನ ಹೆಸರೂ ಕ್ಲಾಸಿನ ಹೆಸರಿನಂತೆಯೇ ದೊಡ್ಡಕ್ಷರದಿಂದ ಶುರುವಾಗಬೇಕು ಎಂದಾಯಿತು. ನಮ್ಮ ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ, ಪುಣ್ಯವಂತರು ನಾವು. ವಿಂಡೋಸ್ ಕೂಡ, ಮ್ಯಾಕ್ ಕೂಡ ಸಾಮಾನ್ಯವಾಗಿ ಫೈಲಿನ ಹೆಸರಿನಲ್ಲಿ ಈ ಭೇದ ಎಣಿಸುವುದಿಲ್ಲ. ಲಿನಕ್ಸ್ ಎಣಿಸುತ್ತದೆ. ಹೋಸ್ಟಿಂಗ್ ಇರುವುದು ಬಹುಪಾಲು ಲಿನಕ್ಸ್ ಮೇಲೆ. ಮನೆಯ ಲ್ಯಾಪ್‌ಟಾಪಿನಲ್ಲಿ ಅಸಲಿ, ಸರ್ವರಿನಲ್ಲಿ ಬದಲಿ! ಹೆಸರು ತಿದ್ದಿದ ಮೇಲೆ ಟೆಂಪ್‌ನೊಳಗಿನ ಕ್ಯಾಶ್ ಖಾಲಿ ಮಾಡಿ. ಯಾವ ಕ್ಲಾಸು ಯಾವ ಫೈಲಿನಲ್ಲಿ ಎಂಬ ಪಟ್ಟಿ ಅಲ್ಲಿರುತ್ತದೆ, ಡೀಬಗ್ ಇಲ್ಲದ ಸೈಟಿನಲ್ಲಿ ಅದು ತುಂಬಾ ದಿನ ಬಾಳುತ್ತದೆ.

ಹೆಸರಿನ ಮಾತು ಬಂತು, ಒಂದು ತಮಾಷೆ ಹೇಳಲೇಬೇಕು. ಕೇಕ್ ಆಗಲಿ ರೈಲ್ಸ್ ಆಗಲಿ ಏಕವಚನ, ಬಹುವಚನಗಳನ್ನು ಇಂಗ್ಲಿಷ್ ವ್ಯಾಕರಣದಿಂದ ತಾವೇ ಮಾಡಿಕೊಳ್ಳುತ್ತವೆ. ಡೇಟಾ ಎಂಬುದರ ಏಕವಚನ ಡೇಟಮ್ ಎಂಬ ಸೂತ್ರವೂ ಅದರಲ್ಲಿದೆ. 'ಟ' ಅಥವಾ 'ತ'ಕಾರದಿಂದ ಮುಗಿಯುವ ಕನ್ನಡ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಕೊಟ್ಟರೆ ಅದೇ ಸೂತ್ರ ಹಿಡಿಯುತ್ತದೆ. ಊಟ ಎಂಬುದರ ಏಕವಚನ ಊಟಮ್! ಕೂಟ ಹೋಗಿ ಕೂಟಮ್! ರೈಲ್ಸ್‌ನಲ್ಲಿ ಒಂದು ಕುಟುಂಬಕ್ಕೆ ಹಲವು ಊಟ ಎಂದು ಸಂಬಂಧ ಬರೆದರೆ, ಊಟಮ್ ಎಂಬ ಕ್ಲಾಸು ಇಲ್ಲವಲ್ಲ ಎಂದು ಅದು ಬಾಗಿಲಲ್ಲೇ ತಡೆಯುತ್ತದೆ. ಹಳೆಯ ಕೇಕಿನಲ್ಲಿ ಊಟ ಎಂಬ ಕಂಟ್ರೋಲರ್ ಬರೆದರೆ ಅದೂ ಊಟಮ್ ಮಾಡೆಲನ್ನೇ ಹುಡುಕುತ್ತದೆ, ಸಿಗದೆ ಬದಲಿ ನಿಲ್ಲಿಸುತ್ತದೆ. ಊಟಮ್‌ನ ಬಹುವಚನ ಮತ್ತೆ ಊಟ, ಆ ಹೆಸರಿನ ಟೇಬಲ್ ಇದ್ದರೆ ಸಲೀಸಾಗಿ ಕೂಡಿಕೊಳ್ಳುತ್ತದೆ. ಈ ವಿಷಯದಲ್ಲಿ ನನ್ನ ಓಟು ರೈಲ್ಸಿಗೆ. ಬಾಗಿಲಲ್ಲಿ ಜಗಳ ಆಡುವವನು ಒಳಗೆ ಬಂದು ಸುಮ್ಮನಿರುವವನಿಗಿಂತ ಮೇಲು.

3.0ರಿಂದ ಈಚೆಗೆ ಕೇಕಿನವರು ಮಾಡೆಲನ್ನು ಎರಡು ಮಾಡಿದ್ದಾರೆ. ಇಡೀ ಟೇಬಲ್ಲಿಗೆ ಸಂಬಂಧಿಸಿದ್ದು ಟೇಬಲ್ ಕ್ಲಾಸಿಗೆ, ಒಂದು ಸಾಲಿಗೆ ಸಂಬಂಧಿಸಿದ್ದು ಎಂಟಿಟಿಗೆ. ಎಲ್ಲ ಸಸ್ಯಾಹಾರಿಗಳನ್ನು ಎಣಿಸುವ ಮೆಥಡ್ ಟೇಬಲ್‌ನಲ್ಲಿ, ಒಬ್ಬ ಸದಸ್ಯರ ಪೂರ್ತಿ ಹೆಸರು ಜೋಡಿಸುವುದು ಎಂಟಿಟಿಯಲ್ಲಿ. ಒಂದರದ್ದನ್ನು ಇನ್ನೊಂದರಲ್ಲಿ ಕೇಳಿದರೆ ಸಿಗುವುದಿಲ್ಲ. ಗೊತ್ತಿಲ್ಲದ ಮೆಥಡ್ ಈಗ ಡೇಟಾಬೇಸಿನವರೆಗೆ ಹೋಗುವುದಿಲ್ಲ, ಇಂಥ ಮೆಥಡ್ ಗೊತ್ತಿಲ್ಲ ಎಂದು ಪಿಎಚ್‌ಪಿಯ ಮಟ್ಟದಲ್ಲೇ ನೇರವಾಗಿ ಹೇಳುತ್ತದೆ. ದೊಡ್ಡ ಉಪಕಾರ. ಆದರೆ ಬದಲಿ ಪಾತ್ರ ಮಾತ್ರ ನಿವೃತ್ತನಾಗಿಲ್ಲ! ಟೇಬಲ್ ಕ್ಲಾಸು ಸಿಗದಿದ್ದರೆ ಸಾಮಾನ್ಯ ಟೇಬಲ್, ಎಂಟಿಟಿ ಸಿಗದಿದ್ದರೆ ಸಾಮಾನ್ಯ ಎಂಟಿಟಿ. ಪೂರ್ತಿ ಹೆಸರು ಜೋಡಿಸುವ ಎಂಟಿಟಿ ಸಿಗಲಿಲ್ಲ ಅನ್ನಿ, ಹೆಸರಿನ ಜಾಗ ಖಾಲಿ. ಸ್ವಾಗತ ಮೇಜಿನಲ್ಲಿ ಬರಿ ಬಿಳಿ ಬ್ಯಾಡ್ಜುಗಳು ಮುದ್ರಣವಾಗಿ ಬರುತ್ತವೆ.

ಹೊಸ ಸಾಲಿನ ಸೈಟು ನೋಡಿಕೊಳ್ಳುವವರಿಗೆ ಎರಡು ಸೌಲಭ್ಯಗಳಿವೆ. ಡೀಬಗ್‌ಕಿಟ್ ಎಂಬ ಪ್ಲಗಿನ್ ಹಾಕಿಕೊಂಡರೆ ಅದರ ಎಸ್‌ಕ್ಯೂಎಲ್ ಫಲಕದಲ್ಲಿ, ಇಂಥಿಂಥ ಟೇಬಲ್‌ಗಳಿಗೆ ನಿಮ್ಮ ಕ್ಲಾಸು ಸಿಗಲಿಲ್ಲ, ಸಾಮಾನ್ಯ ಕ್ಲಾಸು ಬಳಸಿದ್ದೇನೆ ಎಂದು ಪಟ್ಟಿ ಕೊಡುತ್ತದೆ. 4ನೇ ಸಾಲಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಟೇಬಲ್ ಕ್ಲಾಸು ಸಿಗದಿದ್ದರೆ ಬದಲಿ ಬೇಡ, ನಿಲ್ಲಿಸಿಬಿಡು ಎಂದು ಹೇಳುವ ಅನುಕೂಲ ಬಂತು. ಆಲೌ ಫಾಲ್‌ಬ್ಯಾಕ್ ಕ್ಲಾಸ್ ಎಂಬುದನ್ನು ಫಾಲ್ಸ್ ಮಾಡಿದರಾಯಿತು. ಮೊದಲ ದಿನ ಸೈಟು ನಾಲ್ಕು ಕಡೆ ಮುರಿದು ಬಿದ್ದೀತು. ಆ ನಾಲ್ಕು ಕಡೆಯೂ ಇಷ್ಟು ದಿನ ಕಿರೀಟ ಇಟ್ಟುಕೊಂಡು ಕುಳಿತಿದ್ದವರು ಯಾರು, ಅವರು ಏನೇನು ಉಳಿಸಿದ್ದಾರೆ ಎಂದು ಒಂದೊಂದಾಗಿ ನೋಡಿ. ಟಿಕೆಟ್ ಮಾರಾಟದ ವಾರದಲ್ಲಿ ಮಾತ್ರ ಈ ಸಾಹಸ ಬೇಡ. ಸೈಟಿನ ಇನ್ನೊಂದು ಪ್ರತಿ ಮಾಡಿಕೊಂಡು ಅದರ ಮೇಲೆ ಮಾಡಿ, ಮತ್ತು ಆ ಪ್ರತಿಗೆ ಸದಸ್ಯರ ಅಸಲಿ ಟೇಬಲ್ ತುಂಬಬೇಡಿ.